ಕನ್ನಡ ಚಲಚ್ಚಿತ್ರಗಳಲ್ಲಿ ಔಷಧ ಮತ್ತು ಚಿಕಿತ್ಸೆ: ಇತಿಹಾಸದ ಆಕರವಾಗಿ ಅವುಗಳ ಬೆಲೆ

ವೈದ್ಯದ ಇತಿಹಾಸವನ್ನು ಬರೆಯಹೊರಟವನಿಗೆ ಮಂಗಳೂರಿನಂತಹ ನಗರದಲ್ಲಿ ಲಿಖಿತ ಆಕರಗಳ ಕೊರತೆ ಉಂಟೆಂದು ಹೇಳಲಾಗದು. ಆಸ್ಪತ್ರೆಗಳ ವರದಿಗಳು, ಮದರಾಸು ಸರಕಾರದ ಕಡತಗಳು, ಮಿಶನರಿಗಳ ಪತ್ರಗಳು, ಜಿಲ್ಲಾ ಗೆಜೆಟಿಯರುಗಳು ಇವೆಲ್ಲ ನಮಗೆ ದೊರೆಯುವಂಥವು. ಇವುಗಳ ಜೊತೆಗೆ ಚಲಚ್ಚಿತ್ರವನ್ನೂ ಒಂದು ಆಕರವೆಂದು ಪರಿಗಣಿಸುವ ರೂಢಿ ಕಾಲೇಜುಗಳಲ್ಲಿ ಬೆಳೆಯುತ್ತಿದೆ. ‘ಸಂಸ್ಕಾರ’ವನ್ನು ನೋಡಿ ಪ್ಲೇಗಿನ ಇತಿಹಾಸವನ್ನೂ, ‘ಶರಪಂಜರ’ವನ್ನು ನೋಡಿ ಮಾನಸಿಕ ಚಿಕಿತ್ಸೆಯ ಇತಿಹಾಸವನ್ನೂ ಬರೆಯಲು ತೊಡಗುವ ವಿದ್ಯಾರ್ಥಿಗಳು ನಮ್ಮಲ್ಲಿದ್ದಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಯಾವ ಸಾಕ್ಷಿಯನ್ನಾದರೂ ಕಟಕಟೆಗೆ ಕರೆಯುವ ಮುನ್ನ ಆತನಿಂದ ಯಾವ ಪ್ರಶ್ನೆಗೆ ಉತ್ತರವನ್ನು ಬಯಸುತ್ತೇವೆಂಬುದು ನಿಶ್ಚಯವಾಗಿರಬೇಕು. ರೋಗಿಗೆ ಯಾವ ಮದ್ದನ್ನು ಕೊಟ್ಟರು, ಎಷ್ಟು ದಿನ ಕೊಟ್ಟರು, ಅದರಿಂದ ಏನಾಯಿತು ಎಂಬ ಪ್ರಶ್ನೆಗಳಿಗೆ ನಮ್ಮ ಚಲಚ್ಚಿತ್ರಗಳು ಬಹಳ ದುರ್ಬಲವಾದ ಸಾಕ್ಷಿಗಳು. ರೋಗಿಯನ್ನು ಯಾರು ಮುಟ್ಟಿದರು, ಯಾರು ದೂರ ನಿಂತರು, ಗುಣ ಹೊಂದಿದವಳಿಗೆ ಮನೆಯ ಬಾಗಿಲು ತೆರೆಯಿತೆ ಇಲ್ಲವೆ ಎಂಬ ಪ್ರಶ್ನೆಗಳಿಗಾದರೋ ಅವುಗಳಿಗಿಂತ ಬಲವಾದ ಸಾಕ್ಷಿ ದೊರೆಯುವುದು ಕಷ್ಟ. ಈ ಅಭಿಪ್ರಾಯವನ್ನು ಕೆಲವು ಉದಾಹರಣೆಗಳಿಂದ ಸಮರ್ಥಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ನಮ್ಮ ಊರಿನಿಂದಲೇ ಆರಂಭಿಸಬಹುದು. ಮಣ್ಣಗುಡ್ಡದಲ್ಲಿ ನೆಲಸಿದ ಒಂದು ಮಧ್ಯಮವರ್ಗದ ಕುಟುಂಬಕ್ಕೆ ಕಳೆದ ಶತಮಾನದ ನಡುವಿನ ಹೊತ್ತಿಗೆ ಎಷ್ಟು ಬಗೆಯ ವೈದ್ಯ ಕೈಗೆಟಕುತ್ತಿತ್ತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. 1848ರಲ್ಲಿ ಆರಂಭವಾಗಿ ಮುಂದೆ ಮದರಾಸಿನ ಗವರ್ನರನೊಬ್ಬನ ಹೆಸರನ್ನು ಪಡೆದ ಸರಕಾರಿ ವೆನ್ಲಾಕ್ ಆಸ್ಪತ್ರೆ ಹಂಪನಕಟ್ಟೆಯ ಬಳಿಯಲ್ಲಿತ್ತು. ಹೆರಿಗೆಗೂ ಹೆಂಗಸರ ಮಕ್ಕಳ ಕಾಯಿಲೆಗೂ ಲೇಡಿ ಗೋಷನ್ ಆಸ್ಪತ್ರೆ ಇತ್ತು. ನಗರದ ಇನ್ನೊಂದು ಕೊನೆಯ ಕಂಕನಾಡಿಯಲ್ಲಿ ಪಾದ್ರಿಗಳ ಹೋಮಿಯೋಪಥಿಯ ಔಷಧಾಲಯವಿತ್ತು. 1953ರಲ್ಲಿ ಮಣಿಪಾಲದಲ್ಲಿ ಹುಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಎರಡು ವರ್ಷಗಳಲ್ಲಿ ಮಂಗಳೂರಿನಲ್ಲಿಯೂ ನೆಲೆಯೂರಿ, ವೆನ್ಲಾಕಿನ ವಾರ್ಡುಗಳನ್ನು ಬೋಧನೆಗೆ ಬಳಸಿಕೊಂಡಿತು. ಇಷ್ಟೆಲ್ಲ ಇದ್ದರೂ ಮನೆಯ ಅಜ್ಜಿಯ ಕಷಾಯ, ನಾಟಿವೈದ್ಯರ ಬೇರು, ದೈವದ ಪ್ರಸಾದ ಇವು ಯಾವುವೂ ತಮ್ಮ ಅಧಿಕಾರವನ್ನು ಬಿಟ್ಟುಕೊಟ್ಟಿರಲಿಲ್ಲ. ಒಂದೇ ಜ್ವರಕ್ಕೆ ಒಂದೇ ವಾರದಲ್ಲಿ ಮೂರು ಬಗೆಯ ಚಿಕಿತ್ಸೆ ನಡೆಯುವುದು ನಮ್ಮ ಕಡೆ ಅಪೂರ್ವವಲ್ಲ. ಆಸ್ಪತ್ರೆಯ ಕಡತದಲ್ಲಿ ಈ ಮೂರರ ಪೈಕಿ ಒಂದು ಮಾತ್ರ ದಾಖಲಾಗುತ್ತದೆ.

ಕಂಕನಾಡಿಯ ಸಂಸ್ಥೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಪಾದ್ರಿ ಆಗುಸ್ಟಸ್ ಮುಲ್ಲರ್ 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. ಸಂತ ಅಲೋಶಿಯಸ್ ಕಾಲೇಜು ಹುಟ್ಟಿದ 1880ನೆಯ ವರ್ಷದಲ್ಲಿಯೇ ಅವರು ಒಂದು ಸಣ್ಣ ಮದ್ದಿನ ಪೆಟ್ಟಿಗೆಯೊಂದಿಗೆ ಬಡವರ ಔಷಧಾಲಯವನ್ನು ಆರಂಭಿಸಿದರು. ಹೋಮಿಯೋಪಥಿಯ ಗುಳಿಗೆಗಳು ಹಗುರವಾದವು, ಬೇಗ ಕೆಡದಂಥವು, ಅಂಚೆಯಲ್ಲಿ ಕಳಿಸಲು ಅನುಕೂಲವಾದವು. ಆದಕಾರಣ ಅಂಚೆಯ ಮೂಲಕವೇ ಈ ಮದ್ದು ದೂರದ ಊರುಗಳನ್ನು ಮುಟ್ಟಿತು. ಆ ಗುಳಿಗೆಗಳ ಗುಣವನ್ನು ಕುರಿತು ಇಂದಿನ ವಿಜ್ಞಾನ ಏನು ಹೇಳುತ್ತದೆಂಬುದು ಬೇರೆಯ ಪ್ರಶ್ನೆ, ಅದು ಅನುಕೂಲವಾಗಿಯೂ ಇಲ್ಲ. ಆದರೆ 1890ರಲ್ಲಿ ಅಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ದೊರೆಯಿತು, 1902ರಲ್ಲಿ ಪ್ಲೇಗಿನ ರೋಗಿಗಳಿಗೆ ಆಸ್ಪತ್ರೆ ಎದ್ದಿತು. ಪಾದ್ರಿ ಮುಲ್ಲರರು 1910ರಲ್ಲಿ ತೀರಿಕೊಂಡರು. ಜನರು ಮುಟ್ಟಲು ಹೆದರುತ್ತಿದ್ದ ಎರಡು ರೋಗಗಳಿಗೆ ಅವರು ಒಂದೇ ಗುಡ್ಡದ ಮೇಲೆ ಜಾಗ ಕೊಟ್ಟರೆಂಬುದನ್ನು ಗಮನಿಸಬೇಕು.

ಕುಷ್ಠದ ವಿಷಯದಲ್ಲಿ ಮದ್ದಿನ ಇತಿಹಾಸ ಸ್ಪಷ್ಟವಾಗಿದೆ. ಮೊದಲು ಚಾಲಮುಗ್ರದ ಎಣ್ಣೆ. ನಮ್ಮ ಪಶ್ಚಿಮಘಟ್ಟಗಳಲ್ಲಿ ಬೆಳೆಯುವ ಗರುಡಫಲದ ಬೀಜದ ಎಣ್ಣೆಯೂ ಅದೇ ಜಾತಿಯದು. ಅದನ್ನು ಕುಡಿಸಿದರೆ ವಾಂತಿ, ಚುಚ್ಚಿದರೆ ನೋವು. 1941ರಲ್ಲಿ ಅಮೆರಿಕದ ಕಾರ್ವಿಲ್ಲಿನಲ್ಲಿ ಸಲ್ಫೋನ್ ವರ್ಗದ ಮದ್ದನ್ನು ಪ್ರಯೋಗಿಸಿದರು. ಆ ದಶಕದ ಉತ್ತರಾರ್ಧದಲ್ಲಿ ಮದರಾಸಿನ ಹತ್ತಿರದ ಚೆಂಗಲ್ಪಟ್ಟಿನಲ್ಲಿ ಡಾ. ರಾಬರ್ಟ್ ಕಾಕ್ರೇನ್ ಡ್ಯಾಪ್ಸೋನ್ ಎಂಬ ಅಗ್ಗದ ಔಷಧವನ್ನು ರೋಗಿಗಳಿಗೆ ಕೊಡತೊಡಗಿದರು. 1980ರ ದಶಕದಲ್ಲಿ ಬಹುಔಷಧ ಪದ್ಧತಿ ಬಂದು ರೋಗವು ಪೂರ್ಣವಾಗಿ ಗುಣವಾಗುವಂಥದಾಯಿತು. ಆದರೆ 1898ರ ಕುಷ್ಠರೋಗಿಗಳ ಕಾಯಿದೆ ಮಾತ್ರ ಮದ್ದು ಸಿಕ್ಕ ಮೇಲೂ ಎಷ್ಟೋ ದಶಕ ಬದುಕಿತ್ತು. ಮದ್ದಿನ ಕಾಲಗಣನೆ ಒಂದು, ಭಯದ ಕಾಲಗಣನೆ ಇನ್ನೊಂದು. ಈ ಎರಡನೆಯದನ್ನು ಅಳೆಯುವುದಕ್ಕೆ ಆಸ್ಪತ್ರೆಯ ಅಂಕಿ ಅಂಶಗಳಿಂದ ಸಾಧ್ಯವಾಗುವುದಿಲ್ಲ. ಇಲ್ಲಿಯೇ ಕಥೆಗಾರನ ಮತ್ತು ಚಿತ್ರನಿರ್ದೇಶಕನ ಸಾಕ್ಷ್ಯ ಬೇಕಾಗುತ್ತದೆ.

ಪ್ಲೇಗನ್ನು ತೆಗೆದುಕೊಳ್ಳೋಣ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಪಿಡುಗು 1898ರ ಆಗಸ್ಟ್ ಹೊತ್ತಿಗೆ ಬೆಂಗಳೂರನ್ನು ಮುಟ್ಟಿತು. ರೋಗಾಣುವನ್ನು 1894ರಲ್ಲಿ ಹಾಂಕಾಂಗಿನಲ್ಲಿ ಯೆರ್ಸಿನ್ ಗುರುತಿಸಿದ್ದನು. ಇಲಿಯ ಚಿಗಟದಿಂದ ಅದು ಹರಡುವುದೆಂದು 1898ರಲ್ಲಿ ಸಿಮೋನ್ ತೋರಿಸಿದನು. ಹಾಫ್‌ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತಾನು ತಯಾರಿಸಿದ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಆದರೆ ರೋಗ ಹಿಡಿದವನಿಗೆ ಕೊಡತಕ್ಕ ನಿಜವಾದ ಮದ್ದು, ಸಲ್ಫಾ ಔಷಧಗಳೂ ಸ್ಟ್ರೆಪ್ಟೊಮೈಸಿನ್ನೂ ಬರುವವರೆಗೆ, ಎಂದರೆ ಸುಮಾರು ನಾಲ್ಕು ದಶಕಗಳ ಕಾಲ, ಯಾರ ಬಳಿಯಲ್ಲಿಯೂ ಇರಲಿಲ್ಲ. ಸರಕಾರದ ಕೈಯಲ್ಲಿದ್ದುದು ಮನೆ ಬಿಡಿಸುವುದು, ಶಿಬಿರಕ್ಕೆ ಸಾಗಿಸುವುದು, ಸುಣ್ಣ ಬಳಿಯುವುದು ಇಷ್ಟೇ. ಬೆಂಗಳೂರಿನ ಪ್ಲೇಗ್ ಶಿಬಿರದಲ್ಲಿ ದುಡಿದ ವೈದ್ಯರಲ್ಲಿ ಡಾ. ಪಲ್ಪು ಒಬ್ಬರು. ಈಳವ ಜಾತಿಯವರೆಂಬ ಕಾರಣದಿಂದ ಸ್ವಂತ ತಿರುವಾಂಕೂರಿನಲ್ಲಿ ಸರಕಾರಿ ವೈದ್ಯನ ಹುದ್ದೆ ದೊರೆಯದೆ ಮೈಸೂರಿನ ಸೇವೆಗೆ ಬಂದವರು ಅವರು. ಮುಟ್ಟಬಾರದವರೆಂದು ಎಣಿಸಿದವರು ಯಾರೂ ಮುಟ್ಟದ ರೋಗಿಗಳನ್ನು ಮುಟ್ಟಿದರೆಂಬ ವಿಪರ್ಯಾಸವನ್ನು ಯಾವ ವರದಿಯೂ ಹೀಗೆ ಬರೆದಿಡುವುದಿಲ್ಲ.

ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ನಿರ್ಮಿಸಿದ ‘ಸಂಸ್ಕಾರ’ ಚಿತ್ರದಲ್ಲಿ ಪ್ಲೇಗ್ ಇದೆ, ಪ್ಲೇಗಿನ ವೈದ್ಯವಿಲ್ಲ. ಅಗ್ರಹಾರದ ನಾರಣಪ್ಪ ಸತ್ತಿದ್ದಾನೆ. ಆಚಾರಭ್ರಷ್ಟನಾದ ಆತನ ಹೆಣವನ್ನು ಸುಡತಕ್ಕವರು ಯಾರೆಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಯಾರೂ ಉಣ್ಣುವಂತಿಲ್ಲ. ಅತ್ತ ಇಲಿಗಳು ಬೀಳುತ್ತವೆ, ಹದ್ದುಗಳು ಮನೆಯ ಮೇಲೆ ಕೂರುತ್ತವೆ. ಪ್ರೇಕ್ಷಕನಿಗೆ ರೋಗದ ಹೆಸರು ಹೊಳೆಯುತ್ತದೆ. ಪಾತ್ರಗಳಿಗಾದರೋ ಇದು ಧರ್ಮಸೂಕ್ಷ್ಮದ ಸಮಸ್ಯೆಯಾಗಿಯೇ ಉಳಿಯುತ್ತದೆ. ಸಿರಿಂಜನ್ನು ಹಿಡಿದ ಒಬ್ಬ ವೈದ್ಯನನ್ನು ನಿರ್ದೇಶಕರು ಅಗ್ರಹಾರದೊಳಕ್ಕೆ ಕಳಿಸಿದ್ದರೆ ಚಿತ್ರದ ಶಕ್ತಿ ಅಲ್ಲಿಗೇ ಕುಂದುತ್ತಿತ್ತು. ಆದ್ದರಿಂದ ವೈದ್ಯದ ಗೈರುಹಾಜರಿಯನ್ನು ನಿರ್ದೇಶಕರ ಅಜ್ಞಾನವೆಂದು ತಿಳಿಯಬಾರದು. ಆದರೆ ವಿದ್ಯಾರ್ಥಿ ಇದನ್ನೇ ಆ ಕಾಲದ ವೈದ್ಯದ ಸ್ಥಿತಿಯೆಂದು ಬರೆದರೆ, ಲಸಿಕೆ ಹಾಕುವವರ, ಶಿಬಿರಗಳ, ಪ್ಲೇಗ್ ಆಸ್ಪತ್ರೆಗಳ ಕಾಲು ಶತಮಾನದ ದುಡಿಮೆ ಒಂದೇ ಏಟಿಗೆ ಮರೆಯಾಗುತ್ತದೆ. ಈ ಚಿತ್ರದಲ್ಲಿ ಚಿಕಿತ್ಸೆ ಎಂಬುದೊಂದು ಇದ್ದರೆ ಅದು ಪ್ರಾಣೇಶಾಚಾರ್ಯನು ರೋಗಗ್ರಸ್ತಳಾದ ಹೆಂಡತಿ ಭಾಗೀರಥಿಗೆ ನಿತ್ಯವೂ ಮಾಡುವ ಶುಶ್ರೂಷೆ. ಆ ಶುಶ್ರೂಷೆಯನ್ನು ಆತ ತನ್ನ ಪುಣ್ಯಸಂಪಾದನೆಯ ದಾರಿಯೆಂದು ಬಗೆದಿದ್ದಾನೆ. ಮನೆಯೊಳಗಿನ ಆರೈಕೆಯ ಬಗ್ಗೆ ಇದಕ್ಕಿಂತ ತೀಕ್ಷ್ಣವಾದ ಟೀಕೆ ನಮ್ಮ ಭಾಷೆಯಲ್ಲಿ ವಿರಳ. ಚಿತ್ರಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿದ್ದೂ, ಬಳಿಕ ಅದೇ ಚಿತ್ರ ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಪ್ರಶಸ್ತಿಯನ್ನು ಪಡೆದದ್ದೂ ವಾಚಕರಿಗೆ ತಿಳಿದ ಸಂಗತಿಗಳು. ಆಕ್ಷೇಪಣೆ ಬಂದದ್ದು ಬ್ರಾಹ್ಮಣ ಸಮಾಜದ ಚಿತ್ರಣಕ್ಕೆ. ಪ್ಲೇಗಿನ ಚಿತ್ರಣವನ್ನು ಕುರಿತು ಯಾರೂ ಚರ್ಚಿಸಲಿಲ್ಲ.

ನಮ್ಮ ಜಿಲ್ಲೆಯ ಜೀವನವನ್ನೇ ವಸ್ತುವಾಗಿ ಉಳ್ಳ ‘ಚೋಮನ ದುಡಿ’ಯಲ್ಲಿಯೂ ಇದೇ ಮಾತನ್ನು ಕಾಣಬಹುದು. ಶಿವರಾಮ ಕಾರಂತರ ಕಾದಂಬರಿಯಿಂದ ಬಿ. ವಿ. ಕಾರಂತರು 1975ರಲ್ಲಿ ತೆಗೆದ ಈ ಚಿತ್ರದಲ್ಲಿ ಸಾಲ ತೀರಿಸಲೆಂದು ಕಾಫಿ ತೋಟಕ್ಕೆ ಹೋದ ಇಬ್ಬರು ಮಕ್ಕಳ ಪೈಕಿ ಒಬ್ಬನು ರೋಗಕ್ಕೆ ಬಲಿಯಾಗುತ್ತಾನೆ. ಘಟ್ಟದ ತೋಟಗಳ ಜ್ವರಕ್ಕೆ ಮದ್ದು ಆ ಕಾಲಕ್ಕೆ ಇರಲಿಲ್ಲವೆಂದಲ್ಲ. ನೀಲಗಿರಿಯಲ್ಲಿ ಸರಕಾರವು 1860ರ ದಶಕದಿಂದಲೇ ಸಿಂಕೋನ ಮರಗಳನ್ನು ಬೆಳೆಸುತ್ತಿತ್ತು, ಕ್ವಿನೈನನ್ನು ಕಡಿಮೆ ಬೆಲೆಯ ಸಣ್ಣ ಪೊಟ್ಟಣಗಳಲ್ಲಿ ಹಂಚುವ ಯೋಜನೆಗಳೂ ಬ್ರಿಟಿಷ್ ಭಾರತದಲ್ಲಿ ಇದ್ದುವು. ಆದರೆ ಚೋಮನ ಗುಡಿಸಲಿಗೂ ಆ ಪೊಟ್ಟಣಕ್ಕೂ ನಡುವೆ ಒಡೆಯನ ಸಾಲವಿತ್ತು, ಜಾತಿಯ ಗೋಡೆಯಿತ್ತು. ನೀರಿನಲ್ಲಿ ಮುಳುಗುತ್ತಿರುವ ಮಗುವನ್ನು ಮುಟ್ಟಿ ಎತ್ತಲಾರದ ಸಮಾಜದಲ್ಲಿ ನಾಡಿ ಹಿಡಿಯುವ ವೈದ್ಯನೆಲ್ಲಿ ಬಂದಾನು? ಸಿಂಕೋನದ ಇತಿಹಾಸವನ್ನು ಬರೆಯುವವರು ಎಷ್ಟು ಪೌಂಡು ಕ್ವಿನೈನ್ ತಯಾರಾಯಿತೆಂದು ಲೆಕ್ಕ ಕೊಡುತ್ತಾರೆ. ಅದು ಎಲ್ಲಿ ತಲುಪದೆ ನಿಂತಿತೆಂಬುದಕ್ಕೆ ಈ ಚಿತ್ರವನ್ನು ನೋಡಬೇಕು.

ಚಿತ್ರಮಂದಿರದಲ್ಲಿ ಪ್ರದರ್ಶಿತವಾಗುತ್ತಿದ್ದುದು ಕಥಾಚಿತ್ರ ಒಂದೇ ಅಲ್ಲ. ಸ್ವಾತಂತ್ರ್ಯಕ್ಕೆ ಮೊದಲೇ ಮಾಯಾದೀಪದ ಗಾಜಿನ ಚಿತ್ರಗಳನ್ನು ತೋರಿಸಿ ಆರೋಗ್ಯವನ್ನು ಬೋಧಿಸುವ ಪದ್ಧತಿ ಇತ್ತು. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನವು 1920ರಲ್ಲಿ ಕೊಕ್ಕೆಹುಳದ ವಿಷಯವಾಗಿ ತೆಗೆಸಿದ ಮೂಕಚಿತ್ರ ಹಲವು ದೇಶಗಳಲ್ಲಿ ತಿರುಗಿತು. ಸೂಕ್ಷ್ಮದರ್ಶಕದಲ್ಲಿ ಕಾಣುವ ಮರಿಹುಳವನ್ನು ಅದು ತೆರೆಯ ತುಂಬ ದೊಡ್ಡದಾಗಿ ಮಾಡಿ ತೋರಿಸಿತು. 1948ರಲ್ಲಿ ಭಾರತ ಸರಕಾರದ ಫಿಲ್ಮ್ಸ್ ಡಿವಿಷನ್ ಸ್ಥಾಪಿತವಾಯಿತು. ಅಂದಿನಿಂದ ಕೆಲವು ದಶಕಗಳ ಕಾಲ ಪ್ರತಿ ಚಿತ್ರಮಂದಿರವೂ ಕಥಾಚಿತ್ರಕ್ಕೆ ಮೊದಲು ಸರಕಾರವು ಒಪ್ಪಿದ ವಾರ್ತಾಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ತೋರಿಸತಕ್ಕದ್ದೆಂಬ ನಿಬಂಧನೆಗೆ ಒಳಪಟ್ಟಿತ್ತು. ಸಿಡುಬು, ಮಲೇರಿಯ, ಕ್ಷಯ, ಕುಟುಂಬ ಯೋಜನೆ ಮೊದಲಾದವು ಹೀಗೆ ಕನ್ನಡದಲ್ಲಿಯೂ ಮಾತನಾಡಿದುವು. ಮಂಗಳೂರಿನಲ್ಲಿ ಜ್ಯೋತಿ ಚಿತ್ರಮಂದಿರವೂ ಕಸ್ತೂರ್ಬಾ ಕಾಲೇಜಿನ ಆಸ್ಪತ್ರೆಯೂ ಒಂದೇ ವೃತ್ತದ ಹೆಸರಿನಿಂದ ಗುರುತಿಸಲ್ಪಡುತ್ತಿದ್ದುದು ಒಂದು ವಿನೋದ. ಆ ವೃತ್ತಕ್ಕೆ ಅಂಬೇಡ್ಕರರ ಹೆಸರಿದ್ದರೂ ಬಸ್ಸಿನವರು ಇನ್ನೂ ಜ್ಯೋತಿ ಎಂದೇ ಕೂಗುತ್ತಾರೆ.

ಈ ಎರಡು ಬಗೆಯ ಚಿತ್ರಗಳನ್ನು ಒಂದೇ ಟಿಕೇಟಿನಲ್ಲಿ ನೋಡಿದ ಪ್ರೇಕ್ಷಕನ ಅನುಭವವನ್ನು ಊಹಿಸಿಕೊಳ್ಳಬೇಕು. ಮೊದಲ ಹತ್ತು ಹದಿನೈದು ನಿಮಿಷ ಆತ ನೋಡುವುದು ಮನೆಯಿಲ್ಲದ ಮದ್ದು. ಅಲ್ಲಿ ಸೂಜಿ ಇದೆ, ಗುಳಿಗೆ ಇದೆ, ಬಿಳಿ ಅಂಗಿಯ ಆರೋಗ್ಯಾಧಿಕಾರಿ ಇದ್ದಾನೆ, ನಗುಮುಖದ ರೋಗಿ ಇದ್ದಾನೆ. ಅತ್ತೆಯಿಲ್ಲ, ಸಾಲವಿಲ್ಲ, ಜಾತಿಯಿಲ್ಲ. ಬಳಿಕ ಎರಡೂವರೆ ಗಂಟೆ ನೋಡುವುದು ಮದ್ದಿಲ್ಲದ ಮನೆ. ಅಲ್ಲಿ ಅತ್ತೆ, ಸಾಲ, ಜಾತಿ ಎಲ್ಲವೂ ಇವೆ. ವೈದ್ಯನು ಕೈಚೀಲ ಹಿಡಿದು ಬಂದು, ನಾಡಿ ನೋಡಿ, ಒಂದು ಇಂಜೆಕ್ಷನ್ ಕೊಟ್ಟು, ಗಂಭೀರವಾಗಿ ಒಂದು ಮಾತು ಹೇಳಿ ಹೊರಡುತ್ತಾನೆ. ಆ ಇಂಜೆಕ್ಷನ್ನಿನ ಹೆಸರನ್ನು ಯಾವ ಚಿತ್ರವೂ ಹೇಳುವುದಿಲ್ಲ. ಇವೆರಡರ ನಡುವೆ ತೆರೆಯ ಮೇಲೆ ಬೀಳುತ್ತಿದ್ದ ಜಾಹೀರಾತಿನ ಸ್ಲೈಡುಗಳನ್ನೂ ಮರೆಯಬಾರದು. ಮಾಂತ್ರಿಕ ಪರಿಹಾರಗಳ ಜಾಹೀರಾತನ್ನು ನಿಷೇಧಿಸುವ 1954ರ ಕಾಯಿದೆಯು ಜಾಹೀರಾತಿನ ಅರ್ಥವಿವರಣೆಯಲ್ಲಿ ಬರಹವನ್ನಲ್ಲದೆ ಬೆಳಕು, ಶಬ್ದ, ಹೊಗೆ ಇವುಗಳ ಮೂಲಕ ಮಾಡುವ ಪ್ರಕಟಣೆಯನ್ನೂ ಸೇರಿಸಿರುವುದು ಸುಮ್ಮನೆ ಅಲ್ಲ.

ಈ ಸಾಮಾನ್ಯ ಸ್ಥಿತಿಗೆ ದೊಡ್ಡ ಅಪವಾದವಾಗಿ ನಿಲ್ಲುವುದು ‘ಶರಪಂಜರ’. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ನಿರ್ದೇಶಿಸಿದ ಈ ಚಿತ್ರ ಆ ವರ್ಷದ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ತ್ರಿವೇಣಿಯವರು ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದವರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡುದರಿಂದ ಚಿತ್ರವನ್ನು ಅವರು ನೋಡಲಿಲ್ಲ. ಕಲ್ಪನಾ ಅಭಿನಯಿಸಿದ ಕಾವೇರಿ ಎರಡನೆಯ ಹೆರಿಗೆಯ ತರುವಾಯ ಬುದ್ಧಿಭ್ರಮಣೆಗೆ ಗುರಿಯಾಗುತ್ತಾಳೆ. ಮದುವೆಗೆ ಮುಂಚಿನ ಒಂದು ನೆನಪು ಆಕೆಯನ್ನು ಕಾಡುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ಗುಣ ಹೊಂದಿ ಮನೆಗೆ ಮರಳುತ್ತಾಳೆ. ಮನೆ ಆಕೆಯನ್ನು ಮರಳಿ ಸ್ವೀಕರಿಸುವುದಿಲ್ಲ. ಗಂಡ ದೂರವಾಗಿದ್ದಾನೆ, ಆತನಿಗೆ ಬೇರೊಬ್ಬಳ ಸಂಗವಿದೆ. ಆಕೆ ನಕ್ಕರೂ ಸಿಟ್ಟಾದರೂ ಅದು ಹುಚ್ಚಿನ ಗುರುತೆಂದು ಸುತ್ತಲಿನವರು ಓದುತ್ತಾರೆ. ಕೊನೆಗೆ ಆಕೆ ಮತ್ತೆ ಅದೇ ಆಸ್ಪತ್ರೆಯ ಹಾದಿ ಹಿಡಿಯಬೇಕಾಗುತ್ತದೆ.

ಇಲ್ಲಿ ವೈದ್ಯದ ಸಂಗತಿಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ಹೆರಿಗೆಯಾದ ಎರಡು ವಾರಗಳೊಳಗೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಈ ವ್ಯಾಧಿಗೆ ನಮ್ಮ ಜನರು ಬಾಣಂತಿ ಸನ್ನಿ ಎಂಬ ಹೆಸರನ್ನು ಬಹಳ ಹಿಂದೆಯೇ ಕೊಟ್ಟಿದ್ದಾರೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಇದು ಬರುತ್ತದೆಂದು ವೈದ್ಯರ ಲೆಕ್ಕ. ತಕ್ಕ ಚಿಕಿತ್ಸೆಯಿಂದ ಬಹುಮಂದಿ ಪೂರ್ಣವಾಗಿ ಚೇತರಿಸಿಕೊಳ್ಳುತ್ತಾರೆ, ಆದರೆ ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಂಭವ ಹೆಚ್ಚು. ಬಾಣಂತಿಯ ಕಿವಿಗೆ ಬಟ್ಟೆ ಕಟ್ಟುವುದು, ತಣ್ಣೀರು ಮುಟ್ಟಿಸದಿರುವುದು, ಲೇಹ್ಯ ತಿನ್ನಿಸುವುದು, ಬಿಸಿನೀರು ಎರೆಯುವುದು ಇವೆಲ್ಲ ಶೀತದಿಂದ ಸನ್ನಿ ಬರುತ್ತದೆಂಬ ನಂಬಿಕೆಯನ್ನೇ ಆಧರಿಸಿದ ವಿಧಾನಗಳು. ಇವುಗಳಲ್ಲಿ ಇನ್ನೊಂದು ಪ್ರಯೋಜನವೂ ಅಡಗಿದೆ: ಹೆತ್ತವಳನ್ನು ಕೆಲವು ವಾರ ಒಬ್ಬಳನ್ನೇ ಬಿಡಬಾರದೆಂಬ ಕಟ್ಟಳೆ. ಮನೆಮದ್ದನ್ನು ಹಳಿಯುವವರು ಈ ಕಟ್ಟಳೆಯ ಬೆಲೆಯನ್ನು ಗಮನಿಸಿದಂತೆ ಕಾಣುವುದಿಲ್ಲ.

ಸನ್ನಿ ಹತೋಟಿ ಮೀರಿದಾಗ ಎಲ್ಲಿಗೆ ಕೊಂಡೊಯ್ಯಬೇಕು? ಮದರಾಸು ಆಧಿಪತ್ಯದ ಕಾಲದಲ್ಲಿ ದಕ್ಷಿಣ ಕನ್ನಡಕ್ಕೆ ಹತ್ತಿರವಾಗಿದ್ದ ಸರಕಾರಿ ಹುಚ್ಚಾಸ್ಪತ್ರೆ ಕಲ್ಲಿಕೋಟೆಯದು. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೇ ಇತ್ತು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರಾಯಿತು, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅದರ ಪಕ್ಕದಲ್ಲಿ ಹುಟ್ಟಿತು. ಇವೆರಡೂ ಒಂದಾಗಿ ನಿಮ್ಹಾನ್ಸ್ ಆದದ್ದು 1974ರ ಡಿಸೆಂಬರಿನಲ್ಲಿ, ಎಂದರೆ ‘ಶರಪಂಜರ’ ತೆರೆ ಕಂಡ ಎರಡು ವರ್ಷಗಳ ಮೇಲೆ. ಚಿತ್ರದ ಕಾಲಕ್ಕೆ ಜಾರಿಯಲ್ಲಿದ್ದ ಕಾನೂನು 1912ರ ಉನ್ಮಾದ ಕಾಯಿದೆ. ಅದರ ಪ್ರಕಾರ ರೋಗಿಯನ್ನು ಸೇರಿಸಿಕೊಳ್ಳುವ ಮುಖ್ಯಮಾರ್ಗ ಮ್ಯಾಜಿಸ್ಟ್ರೇಟರ ಆಜ್ಞೆ. ಕಾಯಿಲೆಯವನೂ ಅಪರಾಧಿಯೂ ಒಂದೇ ಕಚೇರಿಯ ಬಾಗಿಲಲ್ಲಿ ನಿಲ್ಲುವ ಏರ್ಪಾಡು ಅದು. ಒಮ್ಮೆ ಒಳಗೆ ಹೋಗಿ ಬಂದವಳ ಮೇಲೆ ಬೀಳುವ ಮುದ್ರೆಗೆ ಮೂಢನಂಬಿಕೆಯೊಂದೇ ಕಾರಣವಲ್ಲ, ಕಾನೂನಿನ ಪಾಲೂ ಅದರಲ್ಲಿದೆ.

ಮದ್ದಿನ ಕಥೆ ಇನ್ನೂ ಸ್ವಾರಸ್ಯವಾದುದು. ಸೆಳೆತವನ್ನು ಉಂಟುಮಾಡಿ ಉನ್ಮಾದವನ್ನು ಇಳಿಸುವ ಪ್ರಯತ್ನಗಳು 1930ರ ದಶಕದಲ್ಲಿ ನಡೆದುವು. 1938ರಲ್ಲಿ ರೋಮಿನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬವರು ವಿದ್ಯುತ್ತನ್ನು ಬಳಸಿದರು. 1952ರಲ್ಲಿ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧವನ್ನು ಕೊಟ್ಟಾಗ, ಕೂಗಾಟದಿಂದ ತುಂಬಿದ್ದ ವಾರ್ಡುಗಳು ಶಾಂತವಾದುವೆಂದು ವೈದ್ಯರು ಬರೆದರು. ಆದರೆ ಅದಕ್ಕೆ ಎರಡು ದಶಕ ಮೊದಲೇ, 1931ರಲ್ಲಿ, ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಸರ್ಪಗಂಧದ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಮದ್ದೆಂದು ಪ್ರಕಟಿಸಿದ್ದರು. ನಮ್ಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಗಿಡವದು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯವರು ಅದರಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದ ಮೇಲೆ ಅದೇ ಬೇರು ಶೀಸೆಯಲ್ಲಿ ಹೊಸ ಹೆಸರಿನಿಂದ ನಮ್ಮ ದೇಶಕ್ಕೆ ಮರಳಿತು. ಕೆಲವು ರೋಗಿಗಳಲ್ಲಿ ಅದು ಖಿನ್ನತೆಯನ್ನು ತರುತ್ತದೆಂದು ಶಂಕೆ ಹುಟ್ಟಿದ್ದರಿಂದ ಕ್ರಮೇಣ ಹಿಂದೆ ಸರಿಯಿತು. ಇಷ್ಟು ದೊಡ್ಡ ಬದಲಾವಣೆ ‘ಶರಪಂಜರ’ದ ಕಾಲಕ್ಕಾಗಲೇ ನಡೆದಿತ್ತು. ಪ್ರೇಕ್ಷಕನ ಮನಸ್ಸಿನಲ್ಲಿ ಚಿತ್ರವು ಉಳಿಸುವುದು ಇದನ್ನಲ್ಲ. ಗುಣವಾಗಿ ಬಂದ ಕಾವೇರಿ ತನ್ನ ಮನೆಯ ಹೊಸಿಲಲ್ಲಿ ಅತಿಥಿಯಂತೆ ನಿಲ್ಲುವುದನ್ನು ಉಳಿಸುತ್ತದೆ.

ಚಿತ್ರದ ದೊಡ್ಡತನ ಇದರಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಕಥಾಚಿತ್ರಗಳಲ್ಲಿ ರೋಗಿ ಗುಣವಾದೊಡನೆ ಮಂಗಳ ಹಾಡುತ್ತಾರೆ. ಪುಟ್ಟಣ್ಣನವರ ಕಥೆ ತನ್ನ ಬಿಗಿಯನ್ನು ಪಡೆಯುವುದು ರೋಗಿ ಗುಣವಾದ ಮೇಲೆ. ಇದೇ ಅವಧಿಯ ವೈದ್ಯರೂ ಬೇರೊಂದು ದಾರಿಯಿಂದ ಅದೇ ಪ್ರಶ್ನೆಗೆ ಬಂದಿದ್ದರು. ಅಮೃತಸರದಲ್ಲಿ ಡಾ. ವಿದ್ಯಾಸಾಗರರು 1950ರ ದಶಕದಲ್ಲಿ ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ ರೋಗಿಯ ಮನೆಯವರನ್ನೂ ಜೊತೆಗೆ ಇರಿಸಿಕೊಂಡರು. ಚಿಕಿತ್ಸೆಯನ್ನು ಕಣ್ಣಾರೆ ಕಂಡ ಮನೆಯವರು ರೋಗಿಯನ್ನು ಹೆದರದೆ ಕರೆದೊಯ್ಯುತ್ತಾರೆಂಬುದು ಅವರ ಅನುಭವ. ನಿಮ್ಹಾನ್ಸ್ ಸಂಸ್ಥೆಯೂ ಮನೆಯವರು ಉಳಿಯುವ ವಾರ್ಡುಗಳನ್ನು ಬೆಳೆಸಿತು, 2009ರಲ್ಲಿ ತಾಯಿ ಮತ್ತು ಕೂಸನ್ನು ಒಟ್ಟಿಗೆ ಇರಿಸಿಕೊಳ್ಳುವ ವಿಭಾಗವನ್ನೂ ತೆರೆಯಿತು. ಕಾವೇರಿಯ ಮಟ್ಟಿಗೆ ಇದು ಮೂವತ್ತೇಳು ವರ್ಷ ತಡ. 1912ರ ಕಾಯಿದೆಯ ಜಾಗಕ್ಕೆ 1987ರಲ್ಲಿ ಒಂದು, 2017ರಲ್ಲಿ ಇನ್ನೊಂದು ಕಾಯಿದೆ ಬಂದುವು. ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡಬಾರದೆಂದು ಕೊನೆಯದು ವಿಧಿಸಿತು. ಆದರೆ ಗಂಡನ ಮೌನದ ಮೇಲೆ ಕಾಯಿದೆ ಮಾಡಲು ಯಾವ ಶಾಸನಸಭೆಗೆ ತಾನೆ ಸಾಧ್ಯ?

ಪುಟ್ಟಣ್ಣನವರೇ ಹತ್ತು ವರ್ಷಗಳ ಮೇಲೆ, 1982ರಲ್ಲಿ, ‘ಮಾನಸ ಸರೋವರ’ದಲ್ಲಿ ಮನೋವೈದ್ಯನನ್ನೇ ಕಥಾನಾಯಕನನ್ನಾಗಿ ಮಾಡಿದರು. ಆತ ಗುಣಪಡಿಸಿದ ಹುಡುಗಿ ಇನ್ನೊಬ್ಬನನ್ನು ಒಲಿಯುತ್ತಾಳೆ, ವೈದ್ಯನ ಬುದ್ಧಿಯೇ ಕದಡುತ್ತದೆ. ರಸವತ್ತಾದ ಚಿತ್ರವಾದರೂ ಇತಿಹಾಸಕಾರನಿಗೆ ‘ಶರಪಂಜರ’ದಷ್ಟು ಉಪಯೋಗವಾಗುವಂಥದಲ್ಲ. ಇಲ್ಲಿ ರೋಗವು ಪ್ರೇಮದ ರೂಪಕವಾಗಿಬಿಟ್ಟಿದೆ. 2004ರ ‘ಆಪ್ತಮಿತ್ರ’ದಲ್ಲಿ ಮನೋವೈದ್ಯನೂ ಮಾಂತ್ರಿಕನೂ ಒಂದಾಗಿ ರೋಗಿಯ ಒಳಗಿನ ನಾಗವಲ್ಲಿಯನ್ನು ಹೊರಗೆ ಹಾಕುತ್ತಾರೆ. ಮಲಯಾಳದಿಂದ ಬಂದ ಈ ಕಥೆಯನ್ನು ಅವೈಜ್ಞಾನಿಕವೆಂದು ಬದಿಗೊತ್ತುವ ಮೊದಲು, ಭೂತಾರಾಧನೆಯ ನಮ್ಮ ಜಿಲ್ಲೆಯಲ್ಲಿ ಎಷ್ಟು ಕುಟುಂಬಗಳು ಇಂದಿಗೂ ದೈವದ ನುಡಿಯನ್ನು ಕೇಳಿದ ಬಳಿಕವೇ ಮನೋವೈದ್ಯರ ಚೀಟಿಯನ್ನು ಔಷಧದ ಅಂಗಡಿಗೆ ಒಯ್ಯುತ್ತವೆಂಬುದನ್ನು ನೆನೆಯಬೇಕು. ಎರಡು ಚಿಕಿತ್ಸೆಗಳನ್ನು ಏಕಕಾಲದಲ್ಲಿ ನಂಬುವ ಮನಸ್ಸಿನ ದಾಖಲೆಯಾಗಿ ಅದಕ್ಕೆ ಬೆಲೆಯುಂಟು.

ಚಿಕಿತ್ಸೆಯಲ್ಲಿ ತೆರೆಗೆ ಎಂದೂ ಹಿಡಿಸದ ಅಂಶವೆಂದರೆ ಕಾಲಾವಧಿ. 1990ರ ದಶಕದಿಂದ ಮಂಗಳೂರು ನಗರವನ್ನು ಕಾಡಿದ ಮಲೇರಿಯವನ್ನೇ ನೋಡಬಹುದು. ಹಳೆಯ ಹಿತ್ತಿಲುಗಳ ಬಾವಿಗಳಲ್ಲಿ, ಹೊಸ ಕಟ್ಟಡಗಳ ನೀರಿನ ತೊಟ್ಟಿಗಳಲ್ಲಿ ಹುಟ್ಟುವ ಸೊಳ್ಳೆ ಮಣ್ಣಗುಡ್ಡವನ್ನೂ ಬಿಡಲಿಲ್ಲ. ವೈವಾಕ್ಸ್ ಬಗೆಯ ಜ್ವರಕ್ಕೆ ಮೂರು ದಿನ ಕ್ಲೋರೊಕ್ವಿನ್, ಯಕೃತ್ತಿನಲ್ಲಿ ಅಡಗಿದ ರೋಗಾಣುವಿಗೆ ಹದಿನಾಲ್ಕು ದಿನ ಪ್ರೈಮಕ್ವಿನ್. ಜ್ವರ ಮೂರನೆಯ ದಿನಕ್ಕೆ ಬಿಡುತ್ತದೆ. ಮಾತ್ರೆಯನ್ನು ರೋಗಿ ಐದನೆಯ ದಿನಕ್ಕೆ ಬಿಡುತ್ತಾನೆ. ಕೆಲವು ವಾರಗಳ ಬಳಿಕ ಜ್ವರ ಮರಳುತ್ತದೆ. ಈ ಹದಿನಾಲ್ಕು ದಿನಗಳಲ್ಲಿ ತೆರೆಗೆ ತಕ್ಕುದಾದುದು ಏನೂ ನಡೆಯುವುದಿಲ್ಲ. ಒಂದೇ ಇಂಜೆಕ್ಷನ್ನಿಗೆ ಕಣ್ಣು ತೆರೆಯುವ ತಾಯಿಯನ್ನು ಅರ್ಧ ಶತಮಾನ ಕಾಲ ನೋಡಿದ ಜನ ಮಾತ್ರೆಗಿಂತ ಸೂಜಿಯನ್ನು ಬೇಡುವುದರಲ್ಲಿ ಚಿತ್ರಮಂದಿರದ ಪಾಲೂ ಇದೆಯೆಂದು ಹೇಳಿದರೆ ಅತಿಶಯೋಕ್ತಿಯಾಗದೆಂದು ತೋರುತ್ತದೆ.

ಔಷಧದ ಬೆಲೆಯನ್ನು ಕಥೆಯ ನಡುಮಧ್ಯಕ್ಕೆ ತಂದ ಚಿತ್ರವೆಂದರೆ ಸಿಂಗೀತಂ ಶ್ರೀನಿವಾಸರಾಯರ ನಿರ್ದೇಶನದ, 1982ರ ‘ಹಾಲು ಜೇನು’. ರಾಜಕುಮಾರರ ರಂಗ ಕ್ಯಾನ್ಸರಿಗೆ ತುತ್ತಾದ ಹೆಂಡತಿಯನ್ನು ಉಳಿಸಿಕೊಳ್ಳಲು ಹಣ ಹೊಂದಿಸಬೇಕಾಗಿದೆ. ಅದಕ್ಕಾಗಿ ಸುಳ್ಳು ಹೇಳುತ್ತಾನೆ, ವೇಷ ಹಾಕುತ್ತಾನೆ. ಪ್ರೇಕ್ಷಕರು ನಕ್ಕರು, ಅತ್ತರು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆ 1973ರಲ್ಲಿಯೇ ತೆರೆದಿದ್ದಿತು. ಆದರೂ ಕರ್ನಾಟಕದ ಅತ್ಯಂತ ಜನಪ್ರಿಯ ನಟನು ತೆರೆಯ ಮೇಲೆ ಹೆಂಡತಿಯ ಚಿಕಿತ್ಸೆಗಾಗಿ ಜನರನ್ನು ವಂಚಿಸುವುದನ್ನು ಯಾರೂ ಅನೈತಿಕವೆಂದು ಆಕ್ಷೇಪಿಸಲಿಲ್ಲ. ಆ ಚಿತ್ರವನ್ನು ನೋಡಿದವರ ಮನೆಗಳಲ್ಲಿ ಆಸ್ಪತ್ರೆಯ ಖರ್ಚಿಗೆಂದು ಅಡವಿಟ್ಟ ಬಳೆಗಳು ಎಷ್ಟಿದ್ದುವೆಂಬ ಲೆಕ್ಕವನ್ನು ಸಹಕಾರಿ ಬ್ಯಾಂಕುಗಳ ಚಿನ್ನದ ಸಾಲದ ಪುಸ್ತಕಗಳಲ್ಲಿ ಹುಡುಕಬೇಕಾಗುತ್ತದೆ. ನಮ್ಮ ವಿಭಾಗದ ವಿದ್ಯಾರ್ಥಿಗಳು ಮುಂದಿನ ವರ್ಷ ಕೈಗೆತ್ತಿಕೊಳ್ಳಲು ಅದು ತಕ್ಕ ವಿಷಯ.